ಕಂಪ್ಯೂಟರಿಗೆ ಚಿಕಿತ್ಸೆಯ ನಿಯಮ ಬರೆದಿಡುವ ಬಗೆ: ಕೊಡಗಿನ ಹಾವು ಕಡಿತವನ್ನೇ ಹಿಡಿದು

ರೋಗಿಯ ವಿವರ ನೋಡಿ ವೈದ್ಯರಿಗೆ ಸಲಹೆ ಕೊಡುವ ಆಸ್ಪತ್ರೆಯ ಕಂಪ್ಯೂಟರಿಗೆ ಚಿಕಿತ್ಸೆಯ ನಿಯಮ ಬರೆಯುವಾಗ, ಮೊದಲು ಒಂದೇ ಕಾಯಿಲೆ ಆರಿಸಿಕೊಳ್ಳಿ. ಗದ್ದೆ, ಕಾಫಿ ತೋಟ, ಕಾಡಂಚು ಎಲ್ಲ ಇರುವ ಕೊಡಗಿನಲ್ಲಿ ಹಾವು ಕಡಿತದಿಂದ ಶುರುಮಾಡುವುದು ಒಳ್ಳೆಯದು. ರಾತ್ರಿ ಪಾಳಿಯಲ್ಲಿ ವೈದ್ಯರು ಒಬ್ಬರೇ ಇದ್ದಾಗ ಪರದೆಯ ಮೇಲಿನ ನಾಲ್ಕು ಸಾಲು ಸಲಹೆ ಕೈಹಿಡಿಯುತ್ತದೆ. ಅದರಲ್ಲಿ ತಪ್ಪಿದ್ದರೆ ಅಷ್ಟೇ ಸುಲಭವಾಗಿ ಕೈಕೊಡುತ್ತದೆ.

ನಿಯಮವನ್ನು ಪ್ರೋಗ್ರಾಮಿನೊಳಗೆ ಹೂತುಹಾಕಬೇಡಿ. ಬೇರೆಯೇ ಒಂದು ಪಟ್ಟಿ ಇರಲಿ. ಒಂದು ನಿಯಮಕ್ಕೆ ಒಂದು ಸಾಲು. ನಿಯಮದ ಸಂಖ್ಯೆ, ಏನು ಕಂಡರೆ ಏನು ಹೇಳಬೇಕು, ಯಾವ ಮಾರ್ಗಸೂಚಿಯ ಯಾವ ಆವೃತ್ತಿಯ ಯಾವ ಪುಟ, ಒಪ್ಪಿಗೆ ಕೊಟ್ಟ ವೈದ್ಯರು, ಒಪ್ಪಿದ ದಿನ, ಮತ್ತೆ ನೋಡಬೇಕಾದ ದಿನ ಇವಿಷ್ಟೂ ಅದರಲ್ಲಿರಬೇಕು. ಪುಟಸಂಖ್ಯೆ ಯಾಕೆಂದರೆ, ಮಾರ್ಗಸೂಚಿ ಬದಲಾದ ದಿನ ಯಾವ ಯಾವ ಸಾಲು ತಿದ್ದಬೇಕೆಂದು ಹುಡುಕಲು ಬೇರೆ ದಾರಿ ಇರುವುದಿಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಎಷ್ಟು ಹೊತ್ತಿಗೊಮ್ಮೆ ಮಾಡಬೇಕೆನ್ನುವುದೇ ಹಳೆಯ ಮತ್ತು ಹೊಸ ಸೂಚನೆಗಳಲ್ಲಿ ಬೇರೆಬೇರೆ ಇದೆ.

ಆ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಉಳಿದ ಹಲವು ನಿಯಮಗಳು ಅದರ ಮೇಲೆ ನಿಂತಿವೆ. ಆಗತಾನೇ ತೆಗೆದ 2 ಮಿ.ಲೀ. ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿನಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುವುದು. ಈ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲು ಗಾಜಿನ ಮೈ ಬೇಕು. ಪ್ಲಾಸ್ಟಿಕ್ ಟ್ಯೂಬಾದರೆ, ಇಲ್ಲವೇ ಟ್ಯೂಬಿನಲ್ಲಿ ಸೋಪಿನ ಅಂಶ ಉಳಿದಿದ್ದರೆ, ವಿಷವಿಲ್ಲದ ರಕ್ತವೂ ನೀರಾಗಿಯೇ ಉಳಿಯಬಹುದು. ಆದ್ದರಿಂದ ಕಂಪ್ಯೂಟರಿನಲ್ಲಿ ಫಲಿತಾಂಶದ ಜೊತೆ ‘ಗಾಜಿನ ಟ್ಯೂಬೇ?’ ಎಂಬ ಪ್ರಶ್ನೆಯೂ ಇರಲಿ. ಉತ್ತರಕ್ಕೆ ಮೂರು ಆಯ್ಕೆ ಬೇಕು: ಹೆಪ್ಪುಗಟ್ಟಿದೆ, ಹೆಪ್ಪುಗಟ್ಟಿಲ್ಲ, ಪರೀಕ್ಷೆ ಮಾಡಿಲ್ಲ. ಖಾಲಿ ಬಿಟ್ಟ ಜಾಗವನ್ನು ‘ಸರಿಯಾಗಿದೆ’ ಎಂದು ಓದಿಕೊಳ್ಳುವ ಪ್ರೋಗ್ರಾಂ ಅತ್ಯಂತ ಅಪಾಯಕಾರಿ. ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಯಮವು ಹಾವಿನ ಹೆಸರನ್ನು ನೆಚ್ಚಿಕೊಳ್ಳಬಾರದು. ಕನ್ನಡದವರು ಕೊಳಕುಮಂಡಲ ಎನ್ನುವುದನ್ನು ಮಲಯಾಳ ಮಾತಾಡುವವರು ಅಣಲಿ ಎನ್ನುತ್ತಾರೆ. ಕೊಡವ ತಕ್ಕಿನವರು, ಯರವರು, ಹೊರರಾಜ್ಯದಿಂದ ಬಂದ ಕಾರ್ಮಿಕರು ಅವರವರ ಮಾತಿನಲ್ಲೇ ಹೇಳುತ್ತಾರೆ. ಹಲವರು ಹಾವನ್ನು ನೋಡಿಯೇ ಇರುವುದಿಲ್ಲ. ಭಾರತದ ಎಎಸ್‌ವಿ ಎಂಬ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಮದ್ದು, ಹಾಗಾಗಿ ಲಕ್ಷಣ ಕೇಳಿ: ರಕ್ತಸ್ರಾವ, ಏರುತ್ತಿರುವ ಊತ, ರೆಪ್ಪೆ ಜೋಲುವುದು, ನುಂಗಲು ಅಥವಾ ಉಸಿರಾಡಲು ಕಷ್ಟ. ‘ಕಡಿದ ಗುರುತು ಇದೆಯೇ’ ಎಂಬುದನ್ನು ಕಡ್ಡಾಯ ಮಾಡಬೇಡಿ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಡಿದರೆ ಗುರುತೂ ಕಾಣದಿರಬಹುದು, ನೋವೂ ಇರದಿರಬಹುದು. ಬೆಳಗ್ಗೆ ಹೊಟ್ಟೆನೋವೆಂದು ಬರುತ್ತಾರೆ.

ಮದ್ದಿನ ಪ್ರಮಾಣ ಬರೆಯುವಾಗ ಸಾಫ್ಟ್‌ವೇರು ಮಕ್ಕಳಿಗೆಂದು ತಾನೇ ಲೆಕ್ಕ ಹಾಕುತ್ತದೆಯೇ ನೋಡಿ. ಎಎಸ್‌ವಿ ಮೊದಲ ಡೋಸ್ ಸಾಮಾನ್ಯವಾಗಿ 10 ವೈಲ್ (ಮದ್ದಿನ ಪುಟ್ಟ ಸೀಸೆ). ಮಗುವಿಗೂ ಅಷ್ಟೇ, ಏಕೆಂದರೆ ಹಾವು ಬಿಡುವ ವಿಷ ಮೈತೂಕ ನೋಡಿ ಕಡಿಮೆಯಾಗುವುದಿಲ್ಲ. ಎಎಸ್‌ವಿಗೆ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಹಾಗಲ್ಲ: ದೊಡ್ಡವರಿಗೆ ಸ್ನಾಯುವಿಗೆ 0.5 ಮಿ.ಗ್ರಾಂ, ಮಕ್ಕಳಿಗೆ ಕಿಲೋಗೆ 0.01 ಮಿ.ಗ್ರಾಂ. ಒಂದೇ ಪರದೆಯಲ್ಲಿ ಒಂದಕ್ಕೆ ತೂಕ ಬೇಕು, ಇನ್ನೊಂದಕ್ಕೆ ಬೇಡ. ‘ಮಕ್ಕಳ ಡೋಸ್’ ಎಂಬ ಒಂದೇ ಸೂತ್ರವನ್ನು ಎಲ್ಲ ಮದ್ದಿಗೂ ಹಚ್ಚಿದರೆ ಮಗುವಿಗೆ ಎಎಸ್‌ವಿ ಸಾಲದೇ ಹೋಗುತ್ತದೆ.

ರಕ್ತ ಹೆಪ್ಪುಗಟ್ಟದಿದ್ದವರಿಗೆ ಎಎಸ್‌ವಿ ಕೊಟ್ಟ 6 ಗಂಟೆಯ ನಂತರ ಮರುಪರೀಕ್ಷೆ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಈ ಗಂಟೆಗಳನ್ನು ಕಂಪ್ಯೂಟರು ಎಲ್ಲಿಂದ ಎಣಿಸುತ್ತದೆ? ಮಳೆಗಾಲದಲ್ಲಿ ಕರೆಂಟು ಹೋಗಿ, ವಿವರವನ್ನು ಮೂರು ಗಂಟೆ ತಡವಾಗಿ ತುಂಬಿದರೆ, ತುಂಬಿದ ಹೊತ್ತಿನಿಂದ ಎಣಿಸುವ ಪ್ರೋಗ್ರಾಂ ಮರುಪರೀಕ್ಷೆಯನ್ನೂ ಮೂರು ಗಂಟೆ ಮುಂದಕ್ಕೆ ತಳ್ಳುತ್ತದೆ. ಮದ್ದು ಕೊಟ್ಟ ಸಮಯಕ್ಕೆ ಬೇರೆಯೇ ಜಾಗ ಇಡಿ, ಅಲ್ಲಿಂದಲೇ ಎಣಿಸಲಿ.

ಪಶ್ಚಿಮ ಘಟ್ಟದ ಮಾತು ಇನ್ನೊಂದಿದೆ. ಇಲ್ಲಿನ ಗುಳಿಮಂಡಲ ಹಾವುಗಳ ವಿಷಕ್ಕೆ ಈ ಎಎಸ್‌ವಿ ನಾಟುವುದಿಲ್ಲ. ಗೂನುಮೂಗಿನ ಗುಳಿಮಂಡಲ ಕಡಿದರೆ ರಕ್ತವೂ ಕೆಡಬಹುದು, ಮೂತ್ರಪಿಂಡವೂ ಕೆಡಬಹುದು. ಎರಡನೇ ಡೋಸಿನ ನಂತರವೂ ರಕ್ತ ಹೆಪ್ಪುಗಟ್ಟದಿದ್ದರೆ ‘ಇನ್ನೂ 10 ಕೊಡಿ’ ಎಂದು ಮಾತ್ರ ಹೇಳುವ ನಿಯಮ ನಮ್ಮ ಜಿಲ್ಲೆಗೆ ಸಾಲದು. ‘ಗುಳಿಮಂಡಲವಿರಬಹುದೇ ಯೋಚಿಸಿ, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿ, ಹಿರಿಯ ವೈದ್ಯರನ್ನು ಕೇಳಿ’ ಎಂಬ ಸಾಲನ್ನು ಸೇರಿಸಿ. ಬೇರೆ ಊರಿನಿಂದ ತಂದ ನಿಯಮಗಳಲ್ಲಿ ಇದು ಇರುವುದಿಲ್ಲ.

ರೋಗಲಕ್ಷಣಗಳಿಗೆ ಸ್ನೊಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಪಟ್ಟಿಯ ಸಂಕೇತ ಬಳಸಿ. ಭಾರತ 2014ರಿಂದ ಅದರ ಸದಸ್ಯ ದೇಶವಾದ್ದರಿಂದ ಇಲ್ಲಿ ಶುಲ್ಕವಿಲ್ಲ. ಪ್ರತಿ ಅಂಕಿಯ ಪಕ್ಕ ಅಳತೆಯ ಮಾನ ಬರೆಯಿರಿ.

ನಿಯಮವನ್ನು ಚಾಲೂ ಮಾಡುವ ಮುನ್ನ ಕಲ್ಪಿತ ರೋಗಿಗಳ ಮೇಲೆ ಓಡಿಸಿ: ಗುರುತಿಲ್ಲದ ಕಡಿತ, 9 ಕಿಲೋ ಮಗು, ಪರೀಕ್ಷೆಯೇ ಆಗದವರು, ವಿಷವಿಲ್ಲದ ಹಾವು ಕಡಿದವರು. ಕೊನೆಯವರಿಗೆ ಎಎಸ್‌ವಿ ಸೂಚಿಸಿದರೆ ನಿಯಮ ತಪ್ಪು. ಕಡಿತವೊಂದೇ ಮದ್ದು ಕೊಡಲು ಕಾರಣವಲ್ಲ. ಆಮೇಲೆ ಒಂದು ತಿಂಗಳು ವೈದ್ಯರಿಗೆ ತೋರಿಸದೆ ಹಿನ್ನೆಲೆಯಲ್ಲೇ ಓಡಿಸಿ, ಅದು ಹೇಳಿದ್ದನ್ನೂ ವೈದ್ಯರು ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕೆಲಸ ನಿಲ್ಲಿಸಿ ಉತ್ತರ ಕೇಳುವ ಎಚ್ಚರಿಕೆ ಜೀವಕ್ಕೆ ಕುತ್ತಿದ್ದಾಗ ಮಾತ್ರ ಬರಲಿ, ಉಳಿದದ್ದು ಬದಿಯಲ್ಲಿ ಸುಮ್ಮನೆ ಕಾಣಲಿ. ಎಲ್ಲಕ್ಕೂ ಗಂಟೆ ಬಾರಿಸಿದರೆ ವೈದ್ಯರು ಓದದೆಯೇ ಮುಚ್ಚುವುದನ್ನು ರೂಢಿಮಾಡಿಕೊಳ್ಳುತ್ತಾರೆ. ಮುಚ್ಚಿದಾಗ ಕಾರಣ ಕೇಳಿ, ತಿಂಗಳಿಗೊಮ್ಮೆ ಓದಿ. ಒಂದೇ ಎಚ್ಚರಿಕೆಯನ್ನು ಎಲ್ಲರೂ ಮುಚ್ಚುತ್ತಿದ್ದರೆ ವೈದ್ಯರನ್ನು ದೂರುವ ಮೊದಲು ನಿಯಮವನ್ನು ಪರೀಕ್ಷಿಸಿ.

ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಹಾವು ಕಡಿತದ ಎಲ್ಲ ಸಾಲುಗಳನ್ನೂ ಮರು ಓದಿ. ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ಮಾಡುವಂತೆ ನಿಯಮಗಳ ನಕಲು ಆಯಾ ಆರೋಗ್ಯ ಕೇಂದ್ರದ ಕಂಪ್ಯೂಟರಿನಲ್ಲೇ ಇರಲಿ, ಪರದೆಯ ಮೂಲೆಯಲ್ಲಿ ಆವೃತ್ತಿಯ ದಿನಾಂಕ ಕಾಣಲಿ. ಹಳೆಯ ಆವೃತ್ತಿ ಅಳಿಸಬೇಡಿ. ಯಾವ ದಿನ ಯಾವ ಸಲಹೆ ಹೋಗಿತ್ತೆಂದು ಮುಂದೆ ಯಾರಾದರೂ ಕೇಳುತ್ತಾರೆ. ಗೋಡೆಗೆ ಅಂಟಿಸಿದ ಮುದ್ರಿತ ಹಾಳೆಯನ್ನು ಮಾತ್ರ ಅಂದೇ ಕಿತ್ತು ಹೊಸದು ಅಂಟಿಸಿ, ಅದರ ಮೇಲೂ ಅದೇ ದಿನಾಂಕ ಬರೆಯಿರಿ.