ಮೆಣಸಿನಕಾಯಿ ತೊಟ್ಟಿನ ಮೊಸರು: ನನ್ನ ಅನುಭವ

ಹೆಪ್ಪಿನ ಬದಲು ಹಸಿಮೆಣಸಿನಕಾಯಿಯ ತೊಟ್ಟು ಹಾಕಿದರೆ ಹಾಲು ಒಡೆಯುತ್ತದೆಯೇ ಹೊರತು ಮೊಸರಾಗುವುದಿಲ್ಲ ಅಂದವರೇ ಹೆಚ್ಚು. ಈಗ ನಮ್ಮನೆ ಮೊಸರನ್ನಕ್ಕೆ ಬೀಳುವುದು ತೊಟ್ಟಿನ ಹೆಪ್ಪಿನ ಮೊಸರೇ, ಅದೂ ಪಾತ್ರೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ.

ವಾರದ ನಡುವೆ ಬರುವ ರಜೆ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಸಲ ಹೆಪ್ಪು ಹಾಕಬೇಕು, ಎರಡನೆಯ ಸಲ ಹಗಲಿಡೀ ಮನೆಯಲ್ಲಿರಬೇಕು. ಹಿಂದಿನ ಸಂಜೆ ಒಂದೇ ಲೋಟ ಹಾಲು ಕಾಯಿಸಿ, ಬೆರಳು ತಡೆಯುವಷ್ಟು, ಅಂದರೆ 40 ಡಿಗ್ರಿ ಆಸುಪಾಸಿಗೆ ಆರಿಸಿ. ಹಸಿಮೆಣಸಿನಕಾಯಿಯ ಎಂಟು-ಹತ್ತು ತೊಟ್ಟು ಪೂರ್ತಿ ಮುಳುಗಿರಲಿ. ಕಾಯಿಯ ಚೂರು ಅಂಟಿದ್ದರೆ ಮೊಸರು ಖಾರ. ತಣ್ಣೀರಲ್ಲಿ ಒಮ್ಮೆ ತೊಳೆದರೆ ಸಾಕು. ಬಿಸಿನೀರು ಸೋಕಿದರೆ ತೊಟ್ಟಿನ ಮೇಲಿರುವ, ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯವೇ ಸಾಯುತ್ತದೆ. ಹನ್ನೆರಡು ಗಂಟೆ ಬೇಕು, ಬೆಂಗಳೂರಿನ ಡಿಸೆಂಬರಿನಲ್ಲಿ ಹದಿನಾರೂ ಆದೀತು.

ಬೆಳಿಗ್ಗೆ ಸಿಗುವುದು ತೆಳ್ಳಗೆ, ಕೆಲವೊಮ್ಮೆ ನೂಲು ನೂಲಾಗಿರುತ್ತದೆ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಅದು ತಿನ್ನುವುದಕ್ಕಲ್ಲ, ಹೆಪ್ಪಿಗೆ. ಅದರಲ್ಲಿ ಒಂದು ಚಮಚ ತೆಗೆದು ಅರ್ಧ ಲೀಟರ್ ಉಗುರುಬೆಚ್ಚನೆಯ ಹಾಲಿಗೆ ಕದಡಿ. ಬೆಳಿಗ್ಗೆ ಏಳಕ್ಕೆ ಹಾಕಿದರೆ ಮಧ್ಯಾಹ್ನ ಎರಡರ ಊಟಕ್ಕೆ ಸಿದ್ಧ. ಗುಳ್ಳೆ ಎದ್ದಿದ್ದರೆ, ಕಹಿ ಅಥವಾ ಕೊಳೆತ ವಾಸನೆ ಬಂದರೆ ಯೋಚಿಸದೆ ಚೆಲ್ಲಿ. ಮೊದಲ ಸುತ್ತಿಗೆ ಒಂದೇ ಲೋಟ ಅಂದದ್ದು ಅದಕ್ಕೇ. ಚೆಲ್ಲಿದರೂ ಹತ್ತು-ಹನ್ನೆರಡು ರೂಪಾಯಿಯಲ್ಲಿ ಮುಗಿಯುತ್ತದೆ. ಆನ್‌ಲೈನಿನ ಹೆಪ್ಪಿನ ಪುಡಿಗೆ ನೂರಾರು ರೂಪಾಯಿ ಸುರಿಯುವ ಅಗತ್ಯವೇ ಇಲ್ಲ.

2025ರ ಅಕ್ಟೋಬರಿನಲ್ಲಿ ಬಂದ ಒಂದು ಸುದ್ದಿ ಓದಿ ಹಿಗ್ಗಿದೆ. ಬಲ್ಗೇರಿಯದ ಹಳ್ಳಿಯೊಂದರಲ್ಲಿ ಡೆನ್ಮಾರ್ಕಿನ ಸಂಶೋಧಕರು ಬೆಚ್ಚನೆಯ ಹಾಲಿಗೆ ನಾಲ್ಕು ಜೀವಂತ ಕೆಂಪು ಕಾಡಿರುವೆ ಹಾಕಿ, ಬಟ್ಟೆ ಕಟ್ಟಿ, ಜಾಡಿಯನ್ನು ಇರುವೆಗೂಡಿನಲ್ಲೇ ರಾತ್ರಿಯಿಡೀ ಹೂತಿಟ್ಟರು. ಮರುದಿನ ಹಾಲು ಹುಳಿಯಾಗಿ ದಪ್ಪಗಾಗತೊಡಗಿತ್ತು. ಇರುವೆಯ ಫಾರ್ಮಿಕ್ ಆಮ್ಲದ ಜೊತೆ ಅದರ ಮೈಮೇಲಿನ ಬ್ಯಾಕ್ಟೀರಿಯವೂ ಕೆಲಸ ಮಾಡಿತ್ತು. ಫ್ರೀಜ್ ಮಾಡಿದ, ಒಣಗಿಸಿದ ಇರುವೆಗಳಲ್ಲಿ ಆ ಬ್ಯಾಕ್ಟೀರಿಯ ಸರಿಯಾಗಿ ಉಳಿಯಲಿಲ್ಲ. ನನ್ನ ಅಡುಗೆಮನೆಯಲ್ಲೂ ಬಾಡಿದ ತೊಟ್ಟು ಕೈಕೊಡುತ್ತದೆ, ತಾಜಾ ತೊಟ್ಟೇ ಬೇಕು. ಇರುವೆಯನ್ನು ಮಾತ್ರ ಮನೆಯಲ್ಲಿ ಪ್ರಯತ್ನಿಸಬೇಡಿ, ಅದರಲ್ಲಿ ಪರಾವಲಂಬಿ ಹುಳು ಇರಬಹುದು. ಮಲೆನಾಡಿನಲ್ಲಿ ಚಿಗಳಿ ಎಂಬ ಕೆಂಪಿರುವೆಯಿಂದ ಮಾಡುವ ಚಟ್ನಿಯ ಹುಳಿಯೂ ಅದೇ ಫಾರ್ಮಿಕ್ ಆಮ್ಲದ್ದು.

ಹುಣಸೆ ಚೂರಿನಲ್ಲೂ ನೋಡಿದೆ, ಹೆಪ್ಪುಗಟ್ಟಿತು, ಬಣ್ಣ ಕೆಟ್ಟಿತು. ಬಿಸಿ ಹಾಲಿಗೆ ನಿಂಬೆ ಹಿಂಡಿದರೆ ಸಿಗುವುದು ಪನೀರ್. ಹುಳಿ ಒಮ್ಮೆಲೇ ಏರಿದರೆ ಹಾಲು ಒಡೆಯುತ್ತದೆ, ಬ್ಯಾಕ್ಟೀರಿಯ ಮೆಲ್ಲಗೆ ಏರಿಸಿದರೆ ಪಿಹೆಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 4.6ರ ಹತ್ತಿರ ಹಾಲಿನ ಪ್ರೋಟೀನ್ ಆದ ಕೇಸೀನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಯಾವ ತಳಿಯ ಮೆಣಸಿನಕಾಯಿ, ಎರಡನೆಯ ಸುತ್ತಿಗೆ ಪಾತ್ರೆಯ ಒಳಗೋಡೆಗೆ ಏನು ಸವರುತ್ತೇನೆ, ಇವೆರಡು ಸದ್ಯಕ್ಕೆ ನನ್ನಲ್ಲೇ ಇರಲಿ.