ಟೈಮರ್ ಇಟ್ಟು ಇಪ್ಪತ್ತು ನಿಮಿಷ: ಪಟಾಕಿ ಗಾಯಗಳ ಜೊತೆ ನನ್ನ ಅನುಭವ

ಟೂತ್‌ಪೇಸ್ಟ್ ಒಣಗಿದರೆ ಸುಣ್ಣದ ಗೋಡೆ ಥರ ಬಿರುಕು ಬಿಡುತ್ತದೆ. ಕ್ಯಾಶುಯಲ್ಟಿಗೆ ನರ್ಸ್ ಆಗಿ ಸೇರಿದ ಮೇಲೆ ನಾನು ಕೈಯಾರೆ ನೋಡಿಕೊಂಡ ಮೊದಲ ಪಟಾಕಿ ಗಾಯದ ಮೇಲೆ ಅದೇ ಇತ್ತು. ಏಳು ವರ್ಷದ ಹುಡುಗ, ಬಲಗೈ ಅಂಗೈ ತುಂಬ ಬಿಳಿ ಪೇಸ್ಟು. ಸುರುಸುರು ಬತ್ತಿ ಉರಿದು ಮುಗಿದಿತ್ತು, ಕಂಬಿ ಕಪ್ಪಾಗಿತ್ತು. ಆರಿದೆ ಅಂದುಕೊಂಡು ನೆಲದಿಂದ ಎತ್ತಿಕೊಂಡಿದ್ದಾನೆ. ಆ ಬತ್ತಿ ಉರಿಯುವಾಗ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆಳಕು ಹೋದ ಮೇಲೂ ಕಂಬಿಯಲ್ಲಿ ಚರ್ಮ ಬೇಯಿಸುವಷ್ಟು ಬಿಸಿ ಉಳಿದಿರುತ್ತದೆ.

ಗಾಯ ಎಷ್ಟು ಆಳ ಅಂತ ತಿಳಿಯಬೇಕಾದರೆ ಪೇಸ್ಟ್ ತೆಗೆಯಲೇಬೇಕು. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಹಿಡಿದು ಒಂದೊಂದೇ ಚೂರು ಎಬ್ಬಿಸಿದೆ. ಕೆಲವು ಚೂರಿನ ಜೊತೆ ಬೊಬ್ಬೆಯ ಸಿಪ್ಪೆಯೂ ಕಿತ್ತು ಬಂತು. ಹುಡುಗ ಪ್ರತಿ ಸಲ ಕಿರುಚುತ್ತಿದ್ದ. ಅವನ ಅಮ್ಮ ಪಕ್ಕದಲ್ಲೇ ನಿಂತು, "ತಂಪಾಗಲಿ ಅಂತ ಹಾಕಿದ್ದು ಸಿಸ್ಟರ್" ಅಂತ ಹೇಳುತ್ತಲೇ ಇದ್ದರು. ಪೇಸ್ಟ್ ಹಾಕಿದಾಗ ತಣ್ಣಗೆ ಅನ್ನಿಸುವುದು ನಿಜ, ಆದರೆ ಗಾಯದ ಒಳಗಿನ ಬಿಸಿ ಅಲ್ಲೇ ಇರುತ್ತದೆ. ಎಣ್ಣೆ, ಬೆಣ್ಣೆ, ಇಂಕು, ಹಿಟ್ಟು ಎಲ್ಲದರ ಕಥೆಯೂ ಇಷ್ಟೇ. ಬಳಿದವರನ್ನು ನಾನು ಬೈಯುವುದಿಲ್ಲ. ಮಗು ಅಳುವಾಗ ಸುಮ್ನೆ ನೋಡುತ್ತಾ ನಿಲ್ಲೋಕೆ ಯಾರಿಗಾಗುತ್ತದೆ?

ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆ, "ನೀರು ಹಾಕಿದ್ರಾ? ಎಷ್ಟು ಹೊತ್ತು?" ಹಾಕಿದ್ವಿ ಅಂತಲೇ ಜಾಸ್ತಿ ಜನ ಹೇಳುತ್ತಾರೆ. ಎಷ್ಟು ಹೊತ್ತು ಅಂದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಒಂದೆರಡು ನಿಮಿಷ ಇರಬಹುದು. ಬೇಕಾಗಿರುವುದು 20 ನಿಮಿಷ, ಹರಿಯುವ ತಣ್ಣನೆಯ ನಲ್ಲಿ ನೀರು. ಬೆಂಕಿ ಆರಿದ ಮಾತ್ರಕ್ಕೆ ಸುಡುವುದು ನಿಂತಿರುವುದಿಲ್ಲ. ಮೇಲಿನ ಚರ್ಮದಲ್ಲಿ ಸಿಕ್ಕಿಕೊಂಡ ಬಿಸಿ ಕೆಳಗಿನ ಪದರಗಳಿಗೆ ಇಳಿಯುತ್ತಲೇ ಇರುತ್ತದೆ. ಹರಿಯುವ ನೀರು ಅದನ್ನು ಹೊರಗೆ ಎಳೆದು ಹಾಕುತ್ತದೆ. ತಡವಾಯಿತು ಅಂತ ಬಿಡುವುದೂ ಬೇಡ, ಸುಟ್ಟು 3 ಗಂಟೆ ಆಗುವವರೆಗೂ ಇದರಿಂದ ಲಾಭವಿದೆ. ನೀರು ಹಾಕದೆ ಬಂದವರನ್ನು ನಾವೇ ಸಿಂಕ್ ಹತ್ತಿರ ಕೂರಿಸುತ್ತೇವೆ. "ಡಾಕ್ಟರ್ ಹತ್ರ ಬಂದರೆ ನಲ್ಲಿ ಕೆಳಗೆ ಕೂರಿಸ್ತಾರಲ್ಲ" ಅಂತ ಮುಖ ಸಿಂಡರಿಸಿದವರೂ ಇದ್ದಾರೆ.

20 ನಿಮಿಷ ಎಷ್ಟು ಉದ್ದ ಅಂತ ನನಗೆ ಗೊತ್ತಾಗಿದ್ದು ನಮ್ಮ ಮನೆಯಲ್ಲೇ. ಅಣ್ಣನ ಮಗ ಬರಿಗಾಲಲ್ಲಿ ಓಡಿ ಬಂದು ಬಿಸಿ ಕಂಬಿ ತುಳಿದ. ಎತ್ತಿಕೊಂಡು ಬಚ್ಚಲಿಗೆ ಓಡಿದೆ, ಪಾದವನ್ನು ನಲ್ಲಿಗೆ ಹಿಡಿದೆ. ಇಷ್ಟು ಸಾಕು ಅನ್ನಿಸಿ ಗಡಿಯಾರ ನೋಡಿದರೆ ಆಗಿದ್ದು ನಾಲ್ಕು ನಿಮಿಷ! ದಿನಾ ಇದನ್ನೇ ಬೇರೆಯವರಿಗೆ ಹೇಳುವ ನನ್ನ ಗತಿಯೇ ಹೀಗೆ. ಫೋನ್‌ನಲ್ಲಿ ಟೈಮರ್ ಇಟ್ಟು ಮತ್ತೆ ಕೂತೆ. ಹತ್ತು ನಿಮಿಷಕ್ಕೆ ಅವನು ನಡುಗೋಕೆ ಶುರುಮಾಡಿದ. ಒದ್ದೆ ಅಂಗಿ ತೆಗೆದು, ಮೈಗೆ ಕಂಬಳಿ ಸುತ್ತಿ, ಪಾದ ಮಾತ್ರ ನೀರಲ್ಲಿ ಬಿಟ್ಟೆ. ಗಾಯ ತಣ್ಣಗಿರಬೇಕು, ಮೈ ಬೆಚ್ಚಗಿರಬೇಕು. ಎಳೆ ಮಕ್ಕಳಲ್ಲಿ, ದೊಡ್ಡ ಗಾಯಗಳಲ್ಲಿ ಇದು ಇನ್ನೂ ಮುಖ್ಯ, ಮೈಯ ಶಾಖ ಬೇಗ ಇಳಿದು ಬೇರೆ ಅಪಾಯ ಶುರುವಾಗುತ್ತದೆ. ಐಸ್ ಅಂತೂ ಬೇಡವೇ ಬೇಡ. ಐಸ್ ಇಟ್ಟರೆ ರಕ್ತನಾಳಗಳು ಮುದುಡಿ, ಮೊದಲೇ ನೊಂದ ಚರ್ಮಕ್ಕೆ ರಕ್ತ ಸಿಗದೆ ಗಾಯ ಆಳವಾಗುತ್ತದೆ.

ನೀರು ಹರಿಯುತ್ತಿರುವಾಗಲೇ ಇನ್ನೊಂದು ಕೈ ಕೆಲಸ ಮಾಡಲಿ: ಉಂಗುರ, ಬಳೆ, ವಾಚು ಬಿಚ್ಚಿ. ಸುಟ್ಟ ಕೈ ಸ್ವಲ್ಪ ಹೊತ್ತಿಗೇ ಊದಿಕೊಳ್ಳುತ್ತದೆ. ಆಮೇಲೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕು. ಬಟ್ಟೆ ಸಡಿಲವಾಗಿದ್ದರೆ ತೆಗೆಯಬಹುದು. ಚರ್ಮಕ್ಕೆ ಅಂಟಿದ್ದನ್ನು ಎಳೆಯಬೇಡಿ, ಸುತ್ತ ಕತ್ತರಿಸಿ ಅಂಟಿದ ತುಂಡನ್ನು ಹಾಗೇ ಬಿಡಿ. ನೈಲಾನ್, ಪಾಲಿಯೆಸ್ಟರ್ ಕರಗಿ ಅಂಟಿರುತ್ತದೆ, ಎಳೆದರೆ ಚರ್ಮವೇ ಬರುತ್ತದೆ. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನಿಲ್ಲಿಸಿ, ನೆಲಕ್ಕೆ ಮಲಗಿಸಿ, ಉರುಳಿಸಿ.

ತಣಿಸಿದ ಮೇಲೆ ಮುಚ್ಚಲು ನನಗೆ ತುಂಬಾ ಇಷ್ಟವಾದ ವಸ್ತು ಅಡುಗೆಮನೆಯ ಪಾರದರ್ಶಕ ಕ್ಲಿಂಗ್ ಫಿಲ್ಮ್, ಅಂದರೆ ತಿಂಡಿ ಮುಚ್ಚಿಡುವ ತೆಳು ಪ್ಲಾಸ್ಟಿಕ್ ಹಾಳೆ. ಸುರುಳಿಯ ಮೊದಲ ಸುತ್ತು ಬಿಸಾಕಿ, ಒಳಗಿನ ಶುಭ್ರ ಹಾಳೆಯನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ. ಸುತ್ತಬೇಡಿ, ಕೈ ಊದಿದಾಗ ಬಿಗಿಯಾಗುತ್ತದೆ. ಮುಖಕ್ಕೆ ಹಾಕಬೇಡಿ. ಇದು ಅಂಟುವುದಿಲ್ಲ, ಗಾಳಿ ತಾಗದ್ದರಿಂದ ಉರಿ ಇಳಿಯುತ್ತದೆ, ನಾವು ಬಿಚ್ಚದೆಯೇ ಗಾಯ ನೋಡಬಹುದು. ಇಲ್ಲದಿದ್ದರೆ ನೂಲು ಬಿಡದ ಶುಭ್ರ ಬಟ್ಟೆ. ಹತ್ತಿ ಇಟ್ಟುಕೊಂಡು ಬಂದರೆ ಮಾತ್ರ ಅದರ ಎಳೆಗಳನ್ನು ಚಿಮುಟದಲ್ಲಿ ಹೆಕ್ಕುವ ಕೆಲಸ ನನ್ನದು.

ಬೊಬ್ಬೆ ಒಡೆಯಬೇಡಿ. ಸುಟ್ಟ ಗಾಯಕ್ಕೆ ಅಂತ ಸಿಗುವ ಬಿಳಿ ಸಿಲ್ವರ್ ಕ್ರೀಮನ್ನು ಡಾಕ್ಟರ್ ನೋಡುವ ಮೊದಲು ಹಚ್ಚಬೇಡಿ. ಅದು ಗಾಯದ ಬಣ್ಣವನ್ನೇ ಬದಲಿಸುವುದರಿಂದ ಆಳ ಅಳೆಯೋದು ಕಷ್ಟ. ಮಕ್ಕಳ ನೋವಿಗೆ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್ ಸರಿ, ಆಸ್ಪಿರಿನ್ ಬೇಡ.

ಮನೆಯಲ್ಲೇ ನೋಡಿಕೊಳ್ಳುವುದು ಯಾವುದು, ಆಸ್ಪತ್ರೆಗೆ ಓಡುವುದು ಯಾವುದು? ಗಾಯಗೊಂಡವರ ಅಂಗೈ, ಬೆರಳು ಸೇರಿಸಿ, ಅವರ ಮೈಯ ಸುಮಾರು 1 ಶೇಕಡಾ. ಮಗುವಿನ ಗಾಯವನ್ನು ಮಗುವಿನ ಅಂಗೈಯಿಂದಲೇ ಅಳೆಯಬೇಕು. ಅಂಗೈಗಿಂತ ದೊಡ್ಡದಿದ್ದರೆ ತೋರಿಸಿ. ಮುಖ, ಕೈ, ಪಾದ, ಗುಪ್ತಾಂಗ, ಕೀಲಿನ ಮೇಲೆ ಆಗಿದ್ದರೆ ಚಿಕ್ಕದಾದರೂ ತೋರಿಸಿ. ನನಗೆ ಭಯ ಹುಟ್ಟಿಸುವುದು ಅಳುವವರಲ್ಲ. ಗಾಯ ಬೆಳ್ಳಗೆ ಅಥವಾ ಕಂದಾಗಿ, ಚಕ್ಕಳದ ಥರ ಗಟ್ಟಿಯಾಗಿ, "ನೋವೇ ಇಲ್ಲ" ಅನ್ನುತ್ತಾ ಕೂತವರು. ಅಲ್ಲಿ ನರಗಳೇ ಸುಟ್ಟಿರುತ್ತವೆ. ಮೂಗಿನ ಕೂದಲು ಸುಟ್ಟು, ಒಳಗೆ ಮಸಿ ಕೂತು, ದನಿ ಒಡೆದಿದ್ದರೆ ಶ್ವಾಸನಾಳ ಊದುತ್ತಿರಬಹುದು. ಅವರಿಗೆ ತಕ್ಷಣ ಆಂಬ್ಯುಲೆನ್ಸ್.

ಸುಟ್ಟ ಹೊತ್ತು ಗಂಟೆ, ನಿಮಿಷದ ಸಮೇತ ಹೇಳಿದರೆ ನಮಗೆ ದೊಡ್ಡ ಉಪಕಾರ. ದೊಡ್ಡ ಗಾಯಕ್ಕೆ ಡ್ರಿಪ್ ಕೊಡುವಾಗ ಕಿಲೋ ಲೆಕ್ಕದ ಮೈತೂಕವನ್ನು ಸುಟ್ಟ ಶೇಕಡಾವಾರಿಗೆ ಗುಣಿಸಿ, ಅದನ್ನು ಮತ್ತೆ 2ರಿಂದ 4 ಎಂಎಲ್‌ನಿಂದ ಗುಣಿಸುತ್ತಾರೆ. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ ಹೋಗಬೇಕು. ಆ 8 ಗಂಟೆ ಶುರುವಾಗುವುದು ಸುಟ್ಟ ಕ್ಷಣದಿಂದ, ನಮ್ಮ ಬಾಗಿಲು ದಾಟಿದ ಕ್ಷಣದಿಂದಲ್ಲ.

ಇನ್ನು ಕಣ್ಣು. ಇಲ್ಲಿ ನಾನು ಮೇಲೆ ಹೇಳಿದ ನೀರಿನ ಮಾತೆಲ್ಲ ತಿರುಗಾಮುರುಗಾ.

ಒಂದು ರಾತ್ರಿ ಹನ್ನೊಂದು ವರ್ಷದ ಹುಡುಗಿ ಬಂದಳು. ಅವಳು ಪಟಾಕಿ ಮುಟ್ಟಿಯೇ ಇರಲಿಲ್ಲ, ದೂರ ನಿಂತು ನೋಡುತ್ತಿದ್ದಳು. ವಾಲಿದ ರಾಕೆಟ್ ನೇರ ಮುಖಕ್ಕೆ ಬಂದಿದೆ. ಕಣ್ಣಿಗೆ ಪೆಟ್ಟು ತಿಂದು ಬರುವವರಲ್ಲಿ ಹೀಗೆ ಸುಮ್ಮನೆ ನಿಂತವರು ಬಹಳ. ಅಪ್ಪ ದಾರಿಯುದ್ದಕ್ಕೂ ಬಾಟಲಿ ನೀರಿನಿಂದ ಕಣ್ಣು ತೊಳೆದು, ಕರವಸ್ತ್ರದಿಂದ ಒತ್ತಿ ಹಿಡಿದಿದ್ದರು. ರೆಪ್ಪೆಯನ್ನು ಮೆಲ್ಲಗೆ ಸರಿಸಿ ಟಾರ್ಚ್ ಬಿಟ್ಟೆ. ಕಣ್ಣಿನ ನಡುವಿನ ಕಪ್ಪು ಪಾಪೆ ಗುಂಡಗಿರಲಿಲ್ಲ, ಕಣ್ಣೀರ ಹನಿಯ ಆಕಾರಕ್ಕೆ ಒಂದು ಕಡೆ ಜಗ್ಗಿತ್ತು. ಕಣ್ಣುಗುಡ್ಡೆ ಹರಿದು ಒಳಗಿನ ಪದರ ಆ ಕಡೆ ಜಾರಿದಾಗ ಹಾಗಾಗುತ್ತದೆ. ಟಾರ್ಚ್ ಆರಿಸಿ, ರೆಪ್ಪೆ ಬಿಟ್ಟು, ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿಸಿದೆ. ಅಂಥ ಕಣ್ಣನ್ನು ಒತ್ತಿದರೆ ಒಳಗಿರುವುದು ಹೊರಬರಬಹುದು.

ಹಾಗಾಗಿ ಪೆಟ್ಟು ಬಿದ್ದ ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ, ತೊಳೆಯಬೇಡಿ, ಮುಲಾಮು ಹಾಕಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ. ಒಂದು ಕಾಗದದ ಲೋಟ ತಗೊಳ್ಳಿ, ತಳದಿಂದ ಎರಡು ಬೆರಳು ಎತ್ತರಕ್ಕೆ ಕತ್ತರಿಸಿ. ಆ ಬಟ್ಟಲನ್ನು ಕಣ್ಣಿನ ಮೇಲೆ ಕವುಚಿ, ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವ ಹಾಗೆ ಟೇಪ್ ಅಂಟಿಸಿ. ಕಣ್ಣಿಗೆ ಏನೂ ತಾಗಬಾರದು. ತಲೆ ಮೇಲಿರುವಂತೆ ಕೂರಿಸಿಕೊಂಡೇ ಕರೆತನ್ನಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ತಿನ್ನಲು ಕುಡಿಯಲು ಏನೂ ಬೇಡ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೆನ್ ಕೂಡ ಬೇಡ. ಸಿಡಿಯದ ಮದ್ದಿನ ಪುಡಿ ಮಾತ್ರ ಬಿದ್ದಿದ್ದು, ಪೆಟ್ಟು ಇಲ್ಲವೇ ಇಲ್ಲ ಅಂತ ಖಚಿತವಿದ್ದರೆ ಮಾತು ಬೇರೆ, ಆಗ ಚೆನ್ನಾಗಿ ತೊಳೆಯಬೇಕು.

ಹೊರಗಡೆ ಏನೂ ಕಾಣದ ಪೆಟ್ಟೂ ಇರುತ್ತದೆ. ಕಣ್ಣಿನ ಒಳಗೆ ರಕ್ತ ಸೋರಿ, ಕೂತಾಗ ಪಾಪೆಯ ಕೆಳಗೆ ಕೆಂಪು ಗೆರೆಯಾಗಿ ನಿಲ್ಲುತ್ತದೆ. "ಬೆಳಗ್ಗೆ ನೋಡೋಣ" ಅಂತ ಮಲಗಿಬಿಡುವವರು ಇವರೇ. ಅಂಥ ಕಣ್ಣಿನಲ್ಲಿ ಒತ್ತಡ ವರ್ಷಗಳ ಮೇಲೂ ಏರಬಹುದು, ವಾಸಿಯಾದ ಮೇಲೂ ತಪಾಸಣೆ ಬಿಡಬಾರದು. ಆ ಹುಡುಗಿಗೆ ಅದೇ ರಾತ್ರಿ ಹೊಲಿಗೆ ಹಾಕಿದರು. ದೃಷ್ಟಿ ಪೂರ್ತಿ ಬರಲಿಲ್ಲ.

ಪಟಾಕಿ ಕೈಯಲ್ಲೇ ಸಿಡಿದರೆ ಜಾಸ್ತಿ ಹರಿಯುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಭಾಗ. ಅಲ್ಲಿ ಉರಿಗಿಂತ ಮೊದಲು ರಕ್ತ ನಿಲ್ಲಬೇಕು. ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುವ ಚಟ ಬೇಡ. ಒತ್ತಿದರೂ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯಕ್ಕಿಂತ ಮೇಲೆ, ಮೊಣಕೈ ಕಡೆಗೆ, ಅಗಲವಾದ ಪಟ್ಟಿ ಬಿಗಿದು, ಬಿಗಿದ ಹೊತ್ತು ಬರೆದಿಡಿ. ತುಂಡಾದ ಬೆರಳನ್ನು ನೇರ ಐಸ್‌ನಲ್ಲಿ ಹಾಕಿ ತಂದವರನ್ನು ನೋಡಿದ್ದೇನೆ. ಬೆರಳು ಹಿಮ ಕಚ್ಚಿ ಹಾಳಾಗಿತ್ತು. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನ ಮೇಲೆ ಇಡಬೇಕು.

ಕಿವಿ ಗುಂಯ್ ಅನ್ನುತ್ತಿದ್ದರೆ, ಮಂದವಾಗಿದ್ದರೆ, ರಕ್ತ ಬಂದರೆ ಹನಿ, ಎಣ್ಣೆ, ನೀರು ಏನೂ ಬಿಡದೆ ತೋರಿಸಿ. ಕಿವಿತಮಟೆಯ ಸಣ್ಣ ತೂತು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ, ಒಳಗೆ ಏನೂ ಹೋಗದಿದ್ದರೆ. ಪುಟ್ಟ ಮಗು ಮದ್ದು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ಹಸಿರು ಬೆಳಕಿಗೆ ಬಳಸುವ ಬೇರಿಯಂ ಲವಣ ವಿಷ. ಪೊಟ್ಟಣ ಹಿಡಿದುಕೊಂಡೇ ಬನ್ನಿ, ಅದರಲ್ಲಿ ಏನಿದೆ ಅಂತ ನಾವು ಓದಬೇಕು. ಟಿಟಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಅದನ್ನೂ ಹೇಳಿ.

ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋದವರಿಗೆ ನಾನು ಬಾಗಿಲ ತನಕ ಹೋಗಿ ಒಂದು ವಿಷಯ ಹೇಳುತ್ತೇನೆ. ಮಗುವಿನ ಗಾಯ ಎಷ್ಟೇ ಚಿಕ್ಕದಿರಲಿ, ಮುಂದಿನ ಕೆಲವು ದಿನಗಳಲ್ಲಿ ಜ್ವರ, ಮೈ ಮೇಲೆ ಕೆಂಪು ದದ್ದು, ವಾಂತಿ, ಭೇದಿ, ಮಂಕು ಕಂಡರೆ ಕಾಯಬೇಡಿ, ಆಗಲೇ ಕರೆತನ್ನಿ. ಗಾಯದ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿದಾಗ ಹೀಗಾಗುತ್ತದೆ. ಗಾಯ ನೋಡಲು ಚೆನ್ನಾಗೇ ಇರುತ್ತದೆ, ಅದಕ್ಕೇ ಮೋಸ ಹೋಗುತ್ತಾರೆ. ಎರಡು ವಾರಕ್ಕೂ ಮುಚ್ಚದ ಗಾಯವನ್ನು ಸುಟ್ಟ ಗಾಯದ ವಿಭಾಗಕ್ಕೆ ತೋರಿಸಬೇಕು, ತಡವಾದಷ್ಟು ಕಲೆ ಗಟ್ಟಿಯಾಗುತ್ತದೆ. ಬೆರಳುಗಳಲ್ಲಿದ್ದರೆ ನೋವಿದ್ದರೂ ಡಾಕ್ಟರ್ ಹೇಳಿದ ಹಾಗೆ ದಿನಾ ಮಡಚಿ ಬಿಡಿಸಬೇಕು.

ಅಣ್ಣನ ಮಗನ ಪಾದ ಹನ್ನೆರಡನೇ ದಿನಕ್ಕೆ ಮುಚ್ಚಿತು. ಈಗ ಪಟಾಕಿ ಹಚ್ಚುವ ಮೊದಲು ಬಕೆಟ್‌ಗೆ ನೀರು ತುಂಬಿಡುವ ಕೆಲಸ ಅವನದ್ದೇ. ಶೂ ಹಾಕಿಕೊಂಡು ಬಂದು ಉರಿದ ಕಂಬಿಯನ್ನು ಅದಕ್ಕೆ ಅದ್ದುತ್ತಾನೆ. ಚುಂಯ್ ಅಂತ ಸದ್ದು ಬಂದರೆ, "ಅತ್ತೆ, ನೋಡು, ಇನ್ನೂ ಬಿಸಿ ಇತ್ತು" ಅಂತಾನೆ.