ಗುಳಿಗೆ ಮುಗಿಯುವ ಮೊದಲೇ: ಊರು ಬಿಟ್ಟು ತಿಂಗಳುಗಟ್ಟಲೆ ಇರುವಾಗ ನೋವಿನ ಮಾತ್ರೆ ಹೇಗೆ ನಿಭಾಯಿಸುವುದು?

ಕಳೆದ ಮಳೆಗಾಲದಲ್ಲಿ ಅವ್ವ ಹುಬ್ಬಳ್ಳಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಳು. ಮೂರು ತಿಂಗಳು ನಮ್ಮ ಹತ್ತಿರ ಇರುವ ಲೆಕ್ಕ. ಬೆನ್ನಿನ ಆಪರೇಷನ್ ಆದಾಗಿನಿಂದ ಅವಳಿಗೆ ದಿನಕ್ಕೆ ಎರಡು ಟ್ರಮಡಾಲ್ ಗುಳಿಗೆ. ಚಕ್ಕಲಿ, ಶೇಂಗಾ ಚಟ್ನಿ, ಜೋಳದ ಹಿಟ್ಟು ಎಲ್ಲ ಎಣಿಸಿ ಕಟ್ಟಿಕೊಂಡು ಬಂದವಳು ಗುಳಿಗೆ ಮಾತ್ರ ಎಣಿಸಿರಲಿಲ್ಲ. ಒಂದು ಭಾನುವಾರ ಸಂಜೆ ಸ್ಟೀಲ್ ಡಬ್ಬಿ ಅಲ್ಲಾಡಿಸಿ ಹೇಳಿದಳು, ‘ಎರಡ ಉಳದಾವ ನೋಡವಾ.’

ಚೀಟಿ ಇದೆಯಲ್ಲ ಅಂತ ಮೂಲೆಯ ಮೆಡಿಕಲ್‌ಗೆ ಓಡಿದೆ. ಅವನು ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಎರಡೂ ಕಡೆ ನೋಡಿದ. ಡಾಕ್ಟರ ಸಹಿಯ ಮೇಲೆ ಹುಬ್ಬಳ್ಳಿ ಅಂಗಡಿಯ ನೀಲಿ ಮೊಹರು ಇತ್ತು, ಪಕ್ಕದಲ್ಲೇ ತಾರೀಖು. ಅದರ ಮೇಲೆ ಬೆರಳಿಟ್ಟು ‘ತಾಈ, ಹೇ ಝಾಲಂಯ್’ ಅಂದ. ಅಕ್ಕಾ, ಇದು ಆಗಿಹೋಗಿದೆ ಅಂತ. ನನಗೆ ಸಿಟ್ಟು ಬಂತು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಅವನು ಹೇಳಿದ್ದು ಸರಿಯೇ. 1945ರ ಔಷಧ ನಿಯಮಗಳ ಪ್ರಕಾರ ಒಂದು ಚೀಟಿಗೆ ಒಂದೇ ಸಲ ಔಷಧ. ಮತ್ತೆ ಕೊಡಬಹುದು ಎಂದು ಡಾಕ್ಟರು ಅದರಲ್ಲೇ ಬರೆದಿದ್ದರೆ ಮಾತ್ರ ಎರಡನೇ ಸಲ. ಕೊಟ್ಟಾದ ಮೇಲೆ ಅಂಗಡಿಯವರು ತಮ್ಮ ಹೆಸರು, ತಾರೀಖು ಹಾಕಬೇಕು. ಆ ನೀಲಿ ಮೊಹರು ಅದೇ.

ಆ ಎರಡು ದಿನ ನಾವು ಪಟ್ಟ ಪಾಡಿನಿಂದ ಕಲಿತದ್ದು, ಆಮೇಲೆ ಡಾಕ್ಟರನ್ನೂ ಮೆಡಿಕಲ್‌ನವರನ್ನೂ ಕೇಳಿ ತಿಳಿದದ್ದು ಇಲ್ಲಿದೆ.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ನೋವಿನ ಮಾತ್ರೆ ಎಲ್ಲ ಒಂದೇ ಅಲ್ಲ. ಬರೀ ಪ್ಯಾರಾಸಿಟಮಾಲ್ ಆದರೆ ಚಿಂತೆ ಇಲ್ಲ, ಎಲ್ಲಿ ಬೇಕಾದರೂ ಸಿಗುತ್ತದೆ. ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಇವಕ್ಕೆ ಚೀಟಿ ಬೇಕು. ಟ್ರಮಡಾಲ್, ಕೊಡೀನ್ ಇನ್ನೂ ಬಿಗಿ. ಇವು ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಈ ಪಟ್ಟಿ ಜಾರಿಯಲ್ಲಿದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕ ಇರುತ್ತದೆ, ಅದರೊಳಗೆ ಎಚ್ಚರಿಕೆ. ಇಂಥದ್ದನ್ನು ಮಾರಿದಾಗ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಎಷ್ಟು ಮಾತ್ರೆ ಎಂದು ಅಂಗಡಿಯವರು ಬೇರೆ ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ರಿಜಿಸ್ಟರ್ ಮೂರು ವರ್ಷ ಇಟ್ಟಿರಬೇಕು. ಇದರ ಜೊತೆ, 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತು ಕಾಯ್ದೆಯ ಕೆಳಗೂ ತಂದರು. ಹಾಗಾಗಿ ಅಂಗಡಿಯವರು ಹಿಂದೇಟು ಹಾಕಿದರೆ ಅದು ಸುಮ್ನೆ ಕಿರಿಕಿರಿ ಅಲ್ಲ.

ತೀವ್ರ ನೋವಿಗೆ ಕೊಡುವ ಮಾರ್ಫಿನ್, ಮೈಗೆ ಅಂಟಿಸುವ ಫೆಂಟನಿಲ್ ಪಟ್ಟಿ (ಪ್ಯಾಚ್), ಇವುಗಳ ಕಥೆ ಬೇರೆ. ಅದಕ್ಕೆ ಕೆಳಗೆ ಬರುತ್ತೇನೆ.

ಬ್ಯಾಗಿಗಿಂತ ಮೊದಲು ಚೀಟಿ ರೆಡಿ ಮಾಡಿ

ಕರ್ನಾಟಕದ ಡಾಕ್ಟರ ಚೀಟಿ ಮುಂಬೈಯಲ್ಲಿ ನಡೆಯುತ್ತದಾ? ನಡೆಯುತ್ತದೆ. ನೋಂದಾಯಿತ ವೈದ್ಯರು ಬರೆದ ಚೀಟಿಗೆ ರಾಜ್ಯದ ಗಡಿ ಇಲ್ಲ. ಆದರೆ ಅದು ನೆಟ್ಟಗಿರಬೇಕು. ತಾರೀಖು, ಸಹಿ, ರೋಗಿಯ ಹೆಸರು-ವಿಳಾಸ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಮಾತ್ರೆ, ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ. ‘ಒಟ್ಟು ಎಷ್ಟು’ ಎನ್ನುವುದನ್ನೇ ಜಾಸ್ತಿ ಜನ ಬಿಡುತ್ತಾರೆ.

ಹೆಸರಿನದೂ ಒಂದು ಪೇಚು. ನಮ್ಮ ಅವ್ವನಿಗೆ ಚೀಟಿಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ತೊಟ್ಟಿಲಿನ ಹೆಸರು. ಊರಿನ ಅಂಗಡಿಯವನಿಗೆ ಎರಡೂ ಗೊತ್ತು. ಇಲ್ಲಿಯವನಿಗೆ ಹೇಗೆ ಗೊತ್ತಾಗಬೇಕು?

ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬಿಡಿಬಿಡಿಯಾಗಿ ಬರೆಸಿ. ಹುಬ್ಬಳ್ಳಿಯಲ್ಲಿ ಎಲ್ಲ ಅಂಗಡಿಯಲ್ಲೂ ಇರುವ ಬ್ರ್ಯಾಂಡ್ ಇಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು, ಬೆಲೆಯೂ ಕಡಿಮೆ. ಇನ್ನೊಂದು, ನಮ್ಮ ಡಾಕ್ಟರು ಪ್ರೀತಿಯಿಂದ ಕನ್ನಡದಲ್ಲಿ ‘ಊಟದ ನಂತರ’ ಎಂದು ಬರೆದಿದ್ದರು. ಇಲ್ಲಿಯ ಮೆಡಿಕಲ್‌ನವನು ಅದನ್ನೇ ಔಷಧದ ಹೆಸರು ಅಂದುಕೊಂಡು ಕಂಪ್ಯೂಟರ್‌ನಲ್ಲಿ ಹುಡುಕಲು ಕೂತಿದ್ದ. ಮರಾಠಿಯಲ್ಲಿ ಅದಕ್ಕೆ ‘ಜೇವಣಾನಂತರ’ ಅನ್ನುತ್ತಾರೆ. ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ.

ಬಿ.ಪಿ., ಶುಗರ್ ಮಾತ್ರೆಗೆ ಒಂದು ಚೀಟಿ, ನೋವಿನದಕ್ಕೆ ಬೇರೆ ಚೀಟಿ ಮಾಡಿಸಿದರೆ ಮೊಹರಿನ ಗೊಂದಲ ತಪ್ಪುತ್ತದೆ. ತಿಂಗಳಿಗೊಮ್ಮೆಯಂತೆ ಇಷ್ಟು ಸಲ ಕೊಡಬಹುದು ಎಂದು ಬರೆದುಕೊಡುತ್ತೀರಾ ಅಂತ ಡಾಕ್ಟರನ್ನು ಕೇಳಿ. ಟ್ರಮಡಾಲ್ ತರಹದ್ದಕ್ಕೆ ಅವರು ಒಪ್ಪದೇ ಇರಬಹುದು. ಒಪ್ಪದಿದ್ದರೆ ಒಂದು ಪುಟದ ಪತ್ರವಾದರೂ ತಗೊಳ್ಳಿ. ಏನು ಕಾಯಿಲೆ, ಯಾವಾಗ ಆಪರೇಷನ್, ಈ ಗುಳಿಗೆ ಎಂದಿನಿಂದ, ಬೇರೆ ಏನೇನು ಔಷಧ, ಯಾವುದು ಒಗ್ಗುವುದಿಲ್ಲ, ಕಿಡ್ನಿ ಹೇಗಿದೆ. ಈ ಪತ್ರದ ಬೆಲೆ ಗೊತ್ತಾಗುವುದು ಪರ ಊರಿನ ಡಾಕ್ಟರ ಎದುರು ಕೂತಾಗಲೇ.

ಎಣಿಸಿ, ಕ್ಯಾಲೆಂಡರ್ ಮೇಲೆ ಗುರುತು ಹಾಕಿ

ದಿನಕ್ಕೆ ಎರಡು ಅಂದರೆ 90 ದಿನಕ್ಕೆ 180. ಹತ್ತರ ಸ್ಟ್ರಿಪ್ ಆದರೆ 18. ಇಷ್ಟನ್ನು ಒಟ್ಟಿಗೆ ಬರೆಯಲು ನಮ್ಮ ಡಾಕ್ಟರು ಒಪ್ಪಲಿಲ್ಲ, ಒಂದು ತಿಂಗಳದ್ದು ಬರೆದರು. ಇಂಥ ಮಾತ್ರೆಗೆ ಅದು ನ್ಯಾಯವೇ. ಹಾಗಾದರೆ ಹೊರಟ ದಿನದಿಂದ 20ನೇ ದಿನಕ್ಕೆ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಕೊನೆಯ ಹತ್ತು ದಿನ ಓಡಾಟಕ್ಕೆ ಇರಲಿ. ಪ್ರಯಾಣಕ್ಕೆಂದೇ ಒಂದು ವಾರದ್ದು ಜಾಸ್ತಿ ಕೇಳಿ ಪಡೆಯಿರಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ವೇಳಾಪಟ್ಟಿಯೇ ಬೇರೆ. ಗುಡ್ಡ ಕುಸಿದರೆ ಮಂಗಳೂರು-ಉಡುಪಿ ಕಡೆಯವರು ಎಲ್ಲಿ ಸಿಕ್ಕಿಕೊಳ್ಳುತ್ತಾರೋ ಹೇಳಲಾಗದು.

ಗುಳಿಗೆಯನ್ನು ಸ್ಟ್ರಿಪ್‌ನಲ್ಲೇ ಇಡಿ. ಅವ್ವನ ಹಾಗೆ ಎಲ್ಲ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿದರೆ ಯಾವುದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆರು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿ ಹಾಕುತ್ತಾರಲ್ವಾ, ಆಗ ಎಕ್ಸ್‌ಪೈರಿ ತಾರೀಖು ಇರುವ ತುದಿ ಯಾವ ಕಡೆ ಹೋಯಿತು ನೋಡಿ. ನಮ್ಮ ಪಾಲಿಗೆ ಬರದಿದ್ದರೆ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು ಬನ್ನಿ. ಬಿಲ್ ಬಿಸಾಡಬೇಡಿ. ಚೀಟಿ, ಪತ್ರ, ಬಿಲ್ ಮೂರೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಔಷಧ ಕೈಚೀಲದಲ್ಲಿ. ಬರ್ತ್ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ.

ಡಬ್ಬಿ ತುಂಬಿರುವಾಗಲೇ ಡಾಕ್ಟರನ್ನು ನೋಡಿ

ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಭಾನುವಾರ ರಾತ್ರಿ ಖಾಲಿ ಸ್ಟ್ರಿಪ್ ಹಿಡಿದು, ಮುಖ ಪರಿಚಯವೂ ಇಲ್ಲದ ಡಾಕ್ಟರ ಮುಂದೆ ನಿಂತು ‘ಟ್ರಮಡಾಲ್ ಬರೆದುಕೊಡಿ’ ಅಂದರೆ ಅವರಿಗೆ ಅನುಮಾನ ಬರುವುದು ಸಹಜ. ನಮಗೆ ಹಾಗೇ ಆಯಿತು. ಒಬ್ಬ ಡಾಕ್ಟರು ಅವ್ವನನ್ನು ಬಿಟ್ಟು ನನ್ನನ್ನೇ ದಿಟ್ಟಿಸಿ ನೋಡಿದರು, ಗುಳಿಗೆ ನನಗೇ ಬೇಕೇನೋ ಎನ್ನುವಂತೆ. ಬಂದ ಮೊದಲ ವಾರದಲ್ಲೇ, ಕೈಯಲ್ಲಿ 25 ದಿನದ ಮಾತ್ರೆ ಇರುವಾಗ, ಪತ್ರ ಹಿಡಿದು ಹತ್ತಿರದ ಫ್ಯಾಮಿಲಿ ಡಾಕ್ಟರನ್ನೋ ಮೂಳೆ ಡಾಕ್ಟರನ್ನೋ ಕಂಡಿದ್ದರೆ ಮಾತುಕತೆಯೇ ಬೇರೆ ಇರುತ್ತಿತ್ತು. ನೋವು ಹಳೆಯದಾಗಿದ್ದರೆ ದೊಡ್ಡ ಆಸ್ಪತ್ರೆಗಳಲ್ಲಿ ಪೇನ್ ಕ್ಲಿನಿಕ್ ಇರುತ್ತದೆ, ಅಲ್ಲಿ ವಿಚಾರಿಸಿ.

‘ನಮ್ಮ ಊರಿನ ಡಾಕ್ಟರೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರೆ ಸಾಕಲ್ವಾ?’ ಎಲ್ಲರೂ ಕೇಳುವ ಪ್ರಶ್ನೆ. ಅನೇಕ ಮಾತ್ರೆಗಳಿಗೆ ಸಾಕು. ಹಳೆ ರೋಗಿಯನ್ನು ಫೋನ್, ವಿಡಿಯೊದಲ್ಲಿ ನೋಡಿ ಚೀಟಿ ಕಳಿಸಲು 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಆದರೆ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವುದನ್ನು ಹೀಗೆ ಬರೆಯುವಂತಿಲ್ಲ. ಟ್ರಮಡಾಲ್ ಅದರಲ್ಲಿ ಬರುತ್ತದೆ. ಅದಕ್ಕೆ ಎದುರು ಕೂತೇ ಬರೆಸಬೇಕು. ಊರಿನ ಡಾಕ್ಟರಿಂದ ಆಗುವ ಸಹಾಯ ಬೇರೆ. ಇಲ್ಲಿಯ ಡಾಕ್ಟರ ಜೊತೆ ಐದು ನಿಮಿಷ ಫೋನಿನಲ್ಲಿ ಮಾತಾಡಲು ಕೇಳಿಕೊಳ್ಳಿ. ನಮ್ಮ ಕೆಲಸ ಕೊನೆಗೆ ಆದದ್ದು ಹಾಗೆಯೇ, ಮಂಗಳವಾರ ಮಧ್ಯಾಹ್ನ.

ಹುಬ್ಬಳ್ಳಿ-ಮುಂಬೈ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಗುಳಿಗೆ ಪಾರ್ಸಲ್ ಹಾಕಿಸುವುದು ನಮ್ಮವರ ಹಳೆ ಅಭ್ಯಾಸ. ಶೇಂಗಾ ಚಟ್ನಿಗೆ ಸರಿ. ಇಂಥ ಮಾತ್ರೆಗೆ ಬೇಡ. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಪಾಪ, ಡ್ರೈವರ್ ಏನು ಉತ್ತರ ಕೊಟ್ಟಾನು?

ಮಾರ್ಫಿನ್, ಫೆಂಟನಿಲ್ ಇರುವವರಿಗೆ

ಕ್ಯಾನ್ಸರ್ ಚಿಕಿತ್ಸೆಗೆ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಉತ್ತರ ಕರ್ನಾಟಕದಿಂದ ಬರುವವರು ಅನೇಕ. ಇವರಿಗೆ ಕಷ್ಟ ಬರುವುದು ವಾಪಸ್ ಹೋಗುವಾಗ. ಮುಂಬೈಯಲ್ಲಿ ಸಿಗುತ್ತಿದ್ದ ಮಾರ್ಫಿನ್ ಊರಿನ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್ ಸೇರಿ ಆರು ಔಷಧಗಳನ್ನು ಅಗತ್ಯ ಮಾದಕ ಔಷಧ ಎಂದು ಗುರುತಿಸಿದರು. ಇವನ್ನು ಇಟ್ಟುಕೊಂಡು ಕೊಡಲು ಮಾನ್ಯತೆ ಪಡೆದ ಆಸ್ಪತ್ರೆಗಳಿರುತ್ತವೆ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕಡೆ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಹತ್ತಿರದ್ದು ಯಾವುದು ಎಂದು ಮುಂಬೈ ಬಿಡುವ ಮೊದಲೇ ಆಸ್ಪತ್ರೆಯ ಪ್ಯಾಲಿಯೇಟಿವ್ (ನೋವು ಶಮನದ ಆರೈಕೆ) ವಿಭಾಗದಲ್ಲಿ ಕೇಳಿ, ಅಲ್ಲಿಗೆ ಪತ್ರ ಬರೆಸಿಕೊಳ್ಳಿ. ಆ ಆಸ್ಪತ್ರೆಗೆ ಫೋನ್ ಮಾಡಿ ‘ಈಗ ಸ್ಟಾಕ್ ಇದೆಯಾ?’ ಎಂದು ಕೇಳಿ. ‘ಸಿಗುತ್ತದಾ?’ ಅಂತಷ್ಟೇ ಕೇಳಿದರೆ ಸಾಲದು.

ಫೆಂಟನಿಲ್ ಪಟ್ಟಿ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುವಂಥದ್ದು. ಶಾಖ ತಾಗಿದರೆ ಅದರಿಂದ ಔಷಧ ಜಾಸ್ತಿ ಮೈಗೆ ಇಳಿಯುತ್ತದೆ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಸುಡುಬಿಸಿಲಿನ ಕಿಟಕಿ ಪಕ್ಕ ಕೂರಿಸಬೇಡಿ. ತೆಗೆದ ಪಟ್ಟಿಯನ್ನು ಅಂಟಿರುವ ಭಾಗ ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಮುಗಿದೇ ಹೋದರೆ

ಟ್ರಮಡಾಲ್ ಬಹಳ ದಿನದಿಂದ ತಗೊಳ್ಳುವವರು ಫಕ್ಕನೆ ನಿಲ್ಲಿಸಬಾರದು. ಎರಡನೇ ರಾತ್ರಿ ಅವ್ವ ಬೆವೆತು, ಹಾಸಿಗೆಯಲ್ಲಿ ಹೊರಳಾಡಿ, ನಿದ್ದೆ ಇಲ್ಲದೆ ಬೆಳಗು ಮಾಡಿದಳು. ನಾವು ಜ್ವರ ಅಂದುಕೊಂಡೆವು. ಡಾಕ್ಟರು ನೋಡಿ ಗುಳಿಗೆ ತಪ್ಪಿದ್ದಕ್ಕೆ ಹೀಗೆ ಅಂದರು. ಪ್ರಿಗಾಬಲಿನ್ ಕೂಡ ಹಾಗೇ, ಒಮ್ಮೆಲೇ ಬಿಡುವ ಔಷಧ ಅಲ್ಲ. ಸಾಲದೇ ಬಂದರೆ ನೀವೇ ಅರ್ಧ ಮಾಡಿಕೊಳ್ಳದೆ ಡಾಕ್ಟರಿಗೆ ಫೋನ್ ಮಾಡಿ.

ಪಕ್ಕದ ಮನೆಯವರ ಮಾತ್ರೆ ಬೇಡವೇ ಬೇಡ. ನಮ್ಮಲ್ಲಿ ಇದು ಧಾರಾಳ. ‘ನನ್ನ ಮಂಡಿಗೆ ಇದೇ ಕೊಟ್ಟಿದ್ದು, ತಗೊಳ್ರಿ’ ಅಂತ ಒಂದು ಸ್ಟ್ರಿಪ್ ಕೈಗಿಡುತ್ತಾರೆ. ಅಲ್ಟ್ರಾಸೆಟ್ ತರಹದ ಮಾತ್ರೆಯಲ್ಲಿ ಟ್ರಮಡಾಲ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಅದರ ಮೇಲೆ ಮೈಕೈ ನೋವಿಗೆ ಅಂತ ಡೋಲೊ 650 (ಅದೂ ಪ್ಯಾರಾಸಿಟಮಾಲೇ) ಬೇರೆ ನುಂಗಿದರೆ ಲೆಕ್ಕ ಏರುತ್ತಾ ಹೋಗುತ್ತದೆ. ಆರೋಗ್ಯವಂತ ದೊಡ್ಡವರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್‌ಗೆ ಪೆಟ್ಟು. ಡೈಕ್ಲೊಫೆನಾಕ್ ಜಾತಿಯವು ಕಿಡ್ನಿ, ಹೊಟ್ಟೆ ಎರಡಕ್ಕೂ ಭಾರ, ವಯಸ್ಸಾದವರಿಗಂತೂ ಇನ್ನೂ ಜಾಸ್ತಿ. ಖಿನ್ನತೆಗೆ ಸರ್ಟ್ರಲಿನ್‌ನಂಥ ಮಾತ್ರೆ, ನಿದ್ದೆಗೆ ಆಲ್ಪ್ರಜೋಲಮ್ ತಗೊಳ್ಳುತ್ತಿದ್ದರೆ ಹೊಸ ಡಾಕ್ಟರಿಗೆ ಮೊದಲೇ ಹೇಳಿ. ಟ್ರಮಡಾಲ್ ಜೊತೆ ಮೊದಲನೆಯದು ಫಿಟ್ಸ್ ತರಬಹುದು, ಎರಡನೆಯದು ಉಸಿರಾಟವನ್ನೇ ನಿಧಾನ ಮಾಡಬಹುದು. ಕರೆದರೂ ಎಚ್ಚರ ಆಗದಷ್ಟು ಮಂಪರು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಅದೇ ನಂಬರ್.

ಮಗನ ಮನೆಗೆ ದುಬೈಗೆ ಹೊರಟವರಿಗೆ ಒಂದು ಮಾತು. ಟ್ರಮಡಾಲ್, ಕೊಡೀನ್, ಪ್ರಿಗಾಬಲಿನ್ ಮೂರೂ ಅಲ್ಲಿ ಕಟ್ಟುನಿಟ್ಟು. ಅಲ್ಲಿಯ ಸರ್ಕಾರದ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಏರ್‌ಪೋರ್ಟ್‌ನಲ್ಲಿ ಇಳಿದ ಮೇಲೆ ವಿವರಿಸಿದರಾಯಿತು ಅನ್ನುವ ಧೈರ್ಯ ಬೇಡ.

ಅವ್ವ ಮೂರು ತಿಂಗಳು ಮುಗಿಸಿ ಹೊರಡುವಾಗ ಡೊಂಬಿವಲಿಯ ಡಾಕ್ಟರಿಂದ ಹೊಸ ಚೀಟಿ, ಪತ್ರ ಎಲ್ಲ ಮಾಡಿಸಿ, ಕವರಿನಲ್ಲಿ ಹಾಕಿ ಕಳಿಸಿದೆ. ವಾರದ ನಂತರ ಹುಬ್ಬಳ್ಳಿಯ ಮೆಡಿಕಲ್‌ನಿಂದಲೇ ಫೋನ್. ‘ಅಕ್ಕಾರ, ಚೀಟಿ ಎಲ್ಲಾ ಬರೋಬ್ಬರಿ ಐತ್ರಿ. ಈ ಜೇವಣಾನಂತರ ಅನ್ನೂ ಗುಳಿಗಿ ಮಾತ್ರ ನಮ್ಮ ಕಡೆ ಇಲ್ರಿ.’